ಉಪ್ಪು ನೋಡಿದ ಅಂಗೈ

ನನ್ನ ತೂಕ ಎಪ್ಪತ್ತೆರಡು ಕೆಜಿ. ಯಾರೂ ಕೇಳದಿದ್ದರೂ ಹೇಳುತ್ತೇನೆ. ಹೆಂಗಸರು ವಯಸ್ಸನ್ನೂ ತೂಕವನ್ನೂ ಬಾಯಿಬಿಟ್ಟು ಹೇಳಬಾರದು ಅನ್ನುವ ಕಾನೂನು ಯಾರು ಮಾಡಿದರೋ ಗೊತ್ತಿಲ್ಲ, ಆದರೆ ಅವರು ಎಂಬತ್ತಾರು ಕೆಜಿಯಿಂದ ಇಳಿದು ಬಂದವರಂತೂ ಅಲ್ಲ. ನಮ್ಮ ತಣಿಸಂದ್ರದ ಬೀದಿಯಲ್ಲಿ ತರಕಾರಿ ಗಾಡಿಯವನಿಗೂ ನನ್ನ ತೂಕ ಗೊತ್ತು. ನಾನೇ ಹೇಳಿದ್ದು. ನಮ್ಮ ಮನೆಯವರು ತಲೆ ಚಚ್ಚಿಕೊಳ್ಳುತ್ತಾರೆ, ಚಚ್ಚಿಕೊಳ್ಳಲಿ.

ನಾನು ಸಣ್ಣಗಾಗಬೇಕು ಅಂತ ಹೊರಟಿದ್ದು ಕನ್ನಡಿಗಾಗಿ ಅಲ್ಲ, ಅಕ್ಕನಿಗಾಗಿ. ಅಕ್ಕ ಅಂದರೆ ನನ್ನ ಒಡಹುಟ್ಟಿದವಳು, ಜೊತೆಗೆ ಓರಗಿತ್ತಿ. ನಮ್ಮ ಕಡೆ ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳನ್ನು ಇನ್ನೊಂದು ಮನೆಯ ಅಣ್ಣತಮ್ಮಂದಿರಿಗೆ ಕೊಡುವುದು ಹೊಸ ಮಾತೇನಲ್ಲ. ಅವಳು ಮೊದಲು ಈ ಮನೆಗೆ ಬಂದಳು. ಮೈದುನನಿಗೆ ಹೆಣ್ಣು ಹುಡುಕುವಾಗ, ಬೇರೆ ಯಾರೂ ಬೇಡ, ನನ್ನ ತಂಗಿಯೇ ಆಗಬೇಕು ಅಂತ ಹಟ ಹಿಡಿದು ನನ್ನನ್ನು ತಂದುಕೊಂಡಳು. ಆಗ ಈ ಜಾಗದಲ್ಲಿ ನಮ್ಮ ಮಾವನ ದ್ರಾಕ್ಷಿ ತೋಟವಿತ್ತು. ಈಗ ನಮ್ಮದೇ ಮೂರಂತಸ್ತಿನ ಮನೆಯಿದೆ. ಕೆಳಗೆ ಅಕ್ಕ, ಭಾವ; ಮೇಲೆ ನಾವು; ಅದರ ಮೇಲೆ ಬಾಡಿಗೆಯವರು. ಸಂಸಾರ ಎರಡಾದರೂ ಒಲೆ ಮಾತ್ರ ಒಂದೇ, ಅದು ಅಕ್ಕನ ಅಡುಗೆಮನೆಯದು. ಅವಳ ಕೈರುಚಿ ಬಿಟ್ಟು ಬೇರೆ ಒಲೆ ಹೂಡುವ ಧೈರ್ಯ ನನಗೂ ಇರಲಿಲ್ಲ, ಆಸೆಯೂ ಇರಲಿಲ್ಲ.

ಅಂಥ ಅಕ್ಕನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ಭಾವ ಅವಳನ್ನು ಹೆಬ್ಬಾಳದ ಕಡೆಯ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದರು. ಹೋಗುವಾಗ ಊದಿಕೊಂಡ ಮುಖ, ಬರುವಾಗ ಹಿಂಡಿ ಹಾಕಿದ ಬಟ್ಟೆಯಂಥ ಮೈ. ನೀರನ್ನೂ ಚಿಕ್ಕ ಲೋಟದಲ್ಲಿ ಅಳೆದು ಕುಡಿಯಬೇಕು. ಬೇಸಿಗೆಯಲ್ಲಿ ಅವಳು ಒಂದು ಐಸ್ ತುಂಡನ್ನು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿರುವುದನ್ನು ನೋಡಿದರೆ, ನನಗೆ ಗಟಗಟ ನೀರು ಕುಡಿಯುವುದಕ್ಕೇ ನಾಚಿಕೆಯಾಗುತ್ತಿತ್ತು.

ಬೇರೆ ಕಿಡ್ನಿ ಹಾಕಿಸುವುದೊಂದೇ ದಾರಿ ಅಂದರು ಡಾಕ್ಟರು. ಭಾವನಿಗೆ ಸಕ್ಕರೆ ಕಾಯಿಲೆ. ನಮ್ಮ ಮನೆಯವರ ರಕ್ತ ಹೊಂದಲಿಲ್ಲ. ಮಕ್ಕಳದ್ದು ಬೇಡವೇ ಬೇಡ ಅಂತ ಅಕ್ಕ ಮೊದಲೇ ಬಾಗಿಲು ಹಾಕಿದ್ದಳು. ನನ್ನದು ಹೊಂದಿತು. ರಿಪೋರ್ಟು ಬಂದ ದಿನ ನಾನು ಆಸ್ಪತ್ರೆಯ ಕಾರಿಡಾರಿನಲ್ಲೇ ಕೂಗಿದೆ. ಆದರೆ ಡಾಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಎಪ್ಪತ್ತೆರಡು ಕೆಜಿಗೆ ಇಳೀಬೇಕಮ್ಮ. ಈ ತೂಕದಲ್ಲಿ ನಿಮ್ಮಿಂದ ಕಿಡ್ನಿ ತೆಗೆಯೋಕಾಗಲ್ಲ, ನಿಮಗೇ ತೊಂದರೆ," ಅಂದರು. ನಾನು, "ಅಷ್ಟೇನಾ ಸಾರ್?" ಅಂದೆ. ಎಂಬತ್ತಾರು ಕೆಜಿಯ ಹೆಂಗಸು ಎಷ್ಟು ಧೈರ್ಯವಾಗಿ ಹಾಗಂದಿದ್ದೆ ಅಂತ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ.

ಮೊದಮೊದಲು ತೂಕ ಇಳಿದಿದ್ದೇ ಇಳಿದಿದ್ದು. ಆಸ್ಪತ್ರೆಯ ಊಟದ ಡಾಕ್ಟರಮ್ಮ, ಡಯಟೀಶಿಯನ್ ಅಂತಾರಲ್ಲ, ಆ ಹುಡುಗಿ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದೆ. ಎರಡು ಮುದ್ದೆ ಇದ್ದಿದ್ದು ಒಂದಾಯಿತು. ಸಂಜೆಯ ಬೋಂಡ, ಬಜ್ಜಿ, ಸಕ್ಕರೆ ಹಾಕಿದ ಕಾಫಿ ಎಲ್ಲಕ್ಕೂ ಕೈಮುಗಿದೆ. ಬೆಳಗಾಗೆದ್ದು ರಾಚೇನಹಳ್ಳಿ ಕೆರೆಯ ಸುತ್ತ ಬಿರಬಿರನೆ ನಡೆದೆ. ಬಳೆ ಸಡಿಲವಾಯಿತು, ರವಿಕೆ ಹಿಡಿಸಿಕೊಂಡೆ. ಮದುವೆಮನೆಗಳಲ್ಲಿ ಹೆಂಗಸರು ನನ್ನ ಸೊಂಟ ನೋಡಿ, "ಏನ್ರೀ, ಮೈಗೆ ಹುಷಾರಿಲ್ವಾ?" ಅಂತ ಕೇಳತೊಡಗಿದರು. ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಆಷಾಢದ ಹೊತ್ತಿಗೆ ಎಪ್ಪತ್ತೇಳಕ್ಕೆ ಬಂದೆ. ಅಲ್ಲಿಗೆ ನಿಂತಿತು.

ನಿಂತಿತು ಅಂದರೆ ನಿಂತೇಬಿಟ್ಟಿತು. ಊಟ ಅದೇ, ನಡಿಗೆ ಅದೇ. ಆಷಾಢ ಮುಗಿದು ಶ್ರಾವಣ ಬಂದರೂ ಎಪ್ಪತ್ತೇಳು. ತೂಕದ ಮೆಷಿನ್ನೇ ಕೆಟ್ಟಿದೆ ಅಂತ ಅಂದುಕೊಂಡೆ. ಇಪ್ಪತ್ತೈದು ಕೆಜಿ ಅಕ್ಕಿ ಚೀಲ ತಂದು ಅದರ ಮೇಲಿಟ್ಟೆ. ಸರಿಯಾಗಿ ಇಪ್ಪತ್ತೈದು ತೋರಿಸಿತು. ಟೈಲ್ಸ್ ಸಮ ಇಲ್ಲ ಅಂದರು ನಮ್ಮ ಮನೆಯವರು. ವರಾಂಡಕ್ಕೆ ಒಯ್ದೆ, ಟೆರೇಸಿಗೆ ಒಯ್ದೆ. ಅಲ್ಲೂ ಎಪ್ಪತ್ತೇಳು. ಒಂದು ದಿನ ಸಿಟ್ಟಿಗೆ ಅದನ್ನು ಕಾಲಲ್ಲಿ ಒದ್ದು, ಹೆಬ್ಬೆರಳು ಊದಿಸಿಕೊಂಡು, ಎರಡು ದಿನ ನಡಿಗೆಯೂ ತಪ್ಪಿತು.

ಡಯಟೀಶಿಯನ್ ಹುಡುಗಿ ಗಾಬರಿಯಾಗಲಿಲ್ಲ. "ಎಲ್ಲರಿಗೂ ಹೀಗಾಗುತ್ತೆ ಆಂಟಿ. ಪ್ಲೇಟೋ ಅಂತಾರೆ. ಮೈ ಹಗುರ ಆದ ಹಾಗೆ ಅದಕ್ಕೆ ಬೇಕಾಗೋ ಊಟಾನೂ ಕಮ್ಮಿ ಆಗುತ್ತೆ. ಮೊದಲು ಇಳಿಸಿದ ಊಟ ಈಗ ಇಳಿಸಲ್ಲ," ಅಂದಳು. ಅವಳ ಬಾಯಲ್ಲಿ ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು. ನಮ್ಮ ಲೆಕ್ಕದಲ್ಲಿ ಕೆಸರಲ್ಲಿ ಗಾಡಿ ಹೂತುಕೊಂಡಿತ್ತು, ಅಷ್ಟೇ. ಮುದ್ದೆ ಇನ್ನಷ್ಟು ಚಿಕ್ಕದು ಮಾಡಿ, ಬರೀ ನಡಿಗೆ ಸಾಲದು, ಭಾರ ಎತ್ತಿ ಅಂದಳು. ಆಮೇಲೆ, "ಊಟದ ಮಧ್ಯೆ ಬೇರೆ ಏನಾದ್ರೂ ತಿಂತೀರಾ?" ಅಂತ ಕೇಳಿದಳು. ನನಗೆ ರೇಗಿಹೋಯಿತು. "ಒಂದು ಕಡ್ಲೆಬೀಜ ಕೂಡ ಬಾಯಿಗೆ ಹಾಕಲ್ಲ ಕಣಮ್ಮ," ಅಂದೆ. ಸುಳ್ಳು ಹೇಳಲಿಲ್ಲ. ಹಾಗೇ ಅಂದುಕೊಂಡಿದ್ದೆ.

ಇಲ್ಲಿ ನಮ್ಮ ಅಡುಗೆಮನೆಯ ಒಂದು ಪದ್ಧತಿ ಹೇಳಬೇಕು. ಸಾರು ಕುದಿ ಬಂದಾಗ ಸೌಟಿನಿಂದ ಒಂದು ತೊಟ್ಟು ಅಂಗೈ ಗುಳಿಗೆ ಹಾಕಿಕೊಂಡು ನೆಕ್ಕಿ ನೋಡುವುದು. ಇದಕ್ಕೆ ಉಪ್ಪು ನೋಡುವುದು ಅನ್ನುತ್ತೇವೆ. ಉಪ್ಪು ನೋಡಿದ್ದನ್ನು ತಿಂದಿದ್ದು ಅಂತ ನಮ್ಮಲ್ಲಿ ಯಾರೂ ಲೆಕ್ಕಕ್ಕೆ ಇಟ್ಟವರಿಲ್ಲ. ಶನಿವಾರ ಒಪ್ಪತ್ತು ಇರುವವರೂ ಉಪ್ಪು ನೋಡುತ್ತಾರೆ.

ಅಕ್ಕನಿಗೆ ಕಿಡ್ನಿ ಕೆಟ್ಟ ಮೇಲೆ ನಾಲಿಗೆಯೂ ಕೆಟ್ಟಿತ್ತು. "ಏನ್ ಬಾಯಿಗಿಟ್ರೂ ಕಬ್ಬಿಣ ನೆಕ್ದಂಗೆ ಆಗುತ್ತೆ ಕಣೆ," ಅನ್ನುತ್ತಿದ್ದಳು. ಆದರೂ ಸೌಟು ಬಿಡಲಿಲ್ಲ. ಡಯಾಲಿಸಿಸ್ ಇಲ್ಲದ ದಿನ ಸ್ಟೂಲ್ ಹಾಕಿಕೊಂಡು ಒಲೆಯ ಮುಂದೆ ಕೂರುವಳು. ಕುದಿ ಬಂತು ಅಂದರೆ, "ಬಾರೇ, ಉಪ್ಪು ನೋಡು," ಅಂತ ಕೂಗು. ನಾನು ಎಲ್ಲಿದ್ದರೂ ಓಡಿಬಂದು ಕೈ ಚಾಚುತ್ತಿದ್ದೆ. ಕಾಯಿಲೆ ಅವಳಿಂದ ಎಲ್ಲವನ್ನೂ ಕಿತ್ತುಕೊಂಡಿತ್ತು, ಈ ಒಲೆಯೊಂದನ್ನಾದರೂ ಉಳಿಸಿಕೊಡಲಿ ಅಂತ ನನ್ನ ನಾಲಿಗೆಯನ್ನು ಅವಳಿಗೆ ಬಿಟ್ಟುಕೊಟ್ಟಿದ್ದೆ. ಅದರಲ್ಲಿ ನನಗೊಂದು ಹೆಮ್ಮೆಯೂ ಇತ್ತು.

ಬರಬರುತ್ತಾ ತೊಟ್ಟು ಹೋಗಿ ಸೌಟು ಬಂತು. ಸೌಟು ಹೋಗಿ ಪುಟ್ಟ ಬಟ್ಟಲು ಬಂತು. "ಕಾಳು ಬೆಂದಿದೆಯಾ ನೋಡು," "ಮೂಳೆ ಬಿಡ್ತಿದೆಯಾ ನೋಡು," "ಮುದ್ದೆ ಗಂಟಿಲ್ಲ ತಾನೆ, ಒಂಚೂರು ಮುರ್ಕೊಂಡು ನೋಡು." ಒಗ್ಗರಣೆಗೆ ಮುಂಚೆ ಒಂದು ಸಲ, ಆಮೇಲೊಂದು ಸಲ. ಪಲ್ಯಕ್ಕೆ ಕಾಯಿತುರಿ ಹಾಕಿದ ಮೇಲೆ ಇನ್ನೊಂದು ಸಲ. ನಾನು ನೋಡಿದ್ದೇ ನೋಡಿದ್ದು. ನನ್ನ ಊಟದ ತಟ್ಟೆ ಮಾತ್ರ ಅಚ್ಚುಕಟ್ಟಾಗಿ, ಆಸ್ಪತ್ರೆಯವರು ಹೇಳಿದ ಅಳತೆಯಲ್ಲೇ ಇರುತ್ತಿತ್ತು.

ಅಷ್ಟರಲ್ಲಿ ಅಕ್ಕನ ಕೈಯಲ್ಲಿ ಡಯಾಲಿಸಿಸ್‌ಗೆ ಸೂಜಿ ಚುಚ್ಚುವ ನರ ಒಂದು ಸಲ ಕಟ್ಟಿಕೊಂಡಿತು. ಅವಳನ್ನು ಒಂದು ವಾರ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಬಿಡುಗಡೆ ಮಾಡುವಾಗ ಡಾಕ್ಟರು ನನ್ನ ಕಡೆ ತಿರುಗಿ, "ತುಂಬಾ ದಿನ ತಳ್ಳೋಕಾಗಲ್ಲಮ್ಮ," ಅಂದರು. ನಾನು ಎಪ್ಪತ್ತೇಳರ ಮೇಲೇ ನಿಂತಿದ್ದೆ. ದಾರಿಯುದ್ದಕ್ಕೂ ಕಾರಿನಲ್ಲಿ ಅತ್ತೆ. ಅಕ್ಕ ನನ್ನ ತೊಡೆ ತಟ್ಟಿ, "ಬಿಡೇ, ಇಳೀದಿದ್ರೆ ಏನ್ ಮಾಡೋಕಾಗುತ್ತೆ," ಅಂದಳು. ಅವಳ ದನಿಯಲ್ಲಿ ಒಂಥರಾ ನಿರಾಳ ಇತ್ತು. ಆಗ ನನಗೆ ಅದು ಧೈರ್ಯ ಅನ್ನಿಸಿತು.

ಪಿತೃಪಕ್ಷ ಬಂತು. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಯ ದಿನ ಅತ್ತೆ ಮಾವನಿಗೆ ಎಡೆ ಇಡುತ್ತೇವೆ. ಅವರಿಗೆ ಏನೇನು ಇಷ್ಟವೋ ಅದೆಲ್ಲ ಎಲೆಯ ಮೇಲೆ ಬರಬೇಕು. ಅತ್ತೆಗೆ ಕಜ್ಜಾಯ, ವಡೆ, ಹೊಸ ಸೀರೆ. ಮಾವನಿಗೆ ಮಟನ್ ಸಾರು, ಪಂಚೆ, ಒಂದು ಕಟ್ಟು ಬೀಡಿ, ಚಿಕ್ಕ ಬಾಟಲಿ ಬ್ರಾಂದಿ. ಎಡೆ ಇಟ್ಟು, ಧೂಪ ಹಾಕಿ, ಹಿರಿಯರು ಬಂದು ಉಣ್ಣಲಿ ಅಂತ ಕೋಣೆಯ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂರುತ್ತೇವೆ. ಅವರು ಉಂಡ ಮೇಲೆಯೇ ನಮ್ಮ ಊಟ. ಅದಕ್ಕೇ ಆ ದಿನದ ಅಡುಗೆಯನ್ನು ಯಾರೂ ಬಾಯಿಗೆ ಹಾಕುವ ಹಾಗಿಲ್ಲ. ಉಪ್ಪು ನೋಡುವುದಂತೂ ಕೂಡದು.

ಅಕ್ಕ ಸ್ಟೂಲ್ ಮೇಲೆ ಕೂತು ಉಪ್ಪು, ಖಾರ ಎಲ್ಲ ಕೈಯಳತೆಯಲ್ಲೇ ಹಾಕಿದಳು. ನಾನು ರುಬ್ಬಿದೆ, ಹುರಿದೆ, ಕರಿದೆ. ಯಾರೂ ನನ್ನನ್ನು ಕೈ ಚಾಚು ಅನ್ನಲಿಲ್ಲ. ಎಡೆ ಇಟ್ಟು ಬಾಗಿಲು ಮುಂದೆ ಮಾಡಿ ಹಾಲ್‌ನಲ್ಲಿ ಕೂತಾಗ ನನಗೆ ಕಣ್ಣು ಕತ್ತಲೆ ಬಂತು. ಹೊಟ್ಟೆಯೊಳಗೆ ಬೆಂಕಿ. ನಮ್ಮ ಮನೆಯವರು, "ಏನಾಯ್ತೇ?" ಅಂದರು.

"ಹಸಿವು ರೀ. ಜೀವ ಹೋಗ್ತಿದೆ."

"ದಿನಾನೂ ನೀನು ಊಟ ಮಾಡೋದು ಇದೇ ಹೊತ್ತಿಗಲ್ವಾ?"

ಹೌದಲ್ಲ. ದಿನವೂ ಇದೇ ಹೊತ್ತಿಗೆ ಊಟ. ದಿನವೂ ಇದೇ ತಿಂಡಿ ತಿಂದು ಇದೇ ಒಲೆಯ ಮುಂದೆ ನಿಲ್ಲುವುದು. ಪಥ್ಯ ಶುರುವಾದ ಮೇಲೂ ಅಡುಗೆಮನೆಯಿಂದ ಎದ್ದು ಬಂದು ನನಗೆ ಹಸಿವಾಗಿದ್ದೇ ಇಲ್ಲ. ಇವತ್ತು ಬಿಟ್ಟಿದ್ದು ಒಂದೇ, ಅಂಗೈ ನೆಕ್ಕುವುದು. ನಾನು ನನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡೆ. ಎಪ್ಪತ್ತೇಳು ಕೆಜಿ ಅಲ್ಲಿ ಕೂತಿತ್ತು.

ಬಾಗಿಲು ತೆಗೆದು, ಎಡೆಗೆ ಬಂದಿದ್ದ ನೆಂಟರ ಜೊತೆ ಎಲ್ಲರೂ ಉಣ್ಣಲು ಕೂತೆವು. ಮೊದಲ ತುತ್ತಿಗೇ ಭಾವ, "ಆಹಾ!" ಅಂದರು. ಉಪ್ಪು ಹೇಳಿ ಮಾಡಿಸಿದ ಹಾಗಿತ್ತು. ಒಂದು ಹರಳು ಹೆಚ್ಚಿಲ್ಲ, ಕಮ್ಮಿಯಿಲ್ಲ. ಯಾರೂ ನೋಡದೆ ಬಂದ ಉಪ್ಪು! ಹಾಗಿದ್ದರೆ ಇಷ್ಟು ದಿನ ನನ್ನನ್ನು ಯಾಕೆ ಕೂಗುತ್ತಿದ್ದಳು? ತಲೆಯೆತ್ತಿ ಅಕ್ಕನ ಕಡೆ ನೋಡಿದೆ. ಅವಳು ತನ್ನ ಸಪ್ಪೆ ಅನ್ನವನ್ನು ಕಲೆಸುತ್ತಲೇ ಇದ್ದಳು, ಕಣ್ಣು ಕೂಡಿಸಲಿಲ್ಲ.

ನೆಂಟರು ಹೊರಟ ಮೇಲೆ ಹಿತ್ತಿಲಲ್ಲಿ ಅವಳನ್ನು ಹಿಡಿದೆ. ಅವಳು ಕುರ್ಚಿ ಹಾಕಿಸಿಕೊಂಡು ನೆರಳಲ್ಲಿ ಕೂತಿದ್ದಳು, ನಾನು ಪಾತ್ರೆಗಳ ಮುಂದೆ ನಿಂತಿದ್ದೆ.

"ಅಕ್ಕ, ನನ್ನ ಕಣ್ಣು ನೋಡ್ಕೊಂಡು ಹೇಳು. ಉಪ್ಪು ನೋಡೋಕೆ ನಾನು ಬೇಕಾಗೇ ಇರ್ಲಿಲ್ಲ ಅಲ್ವಾ?"

ಅವಳು ಪಾತ್ರೆಗಳ ಕಡೆ ನೋಡಿದಳು. "ಮೊದ್ಲು ಬೇಕಾಗಿತ್ತು. ಆಮೇಲೆ ಕೈ ಅಭ್ಯಾಸ ಆಯ್ತು."

"ಮತ್ತೆ ಬಟ್ಲು ಬಟ್ಲು ಯಾಕೆ ಕೊಡ್ತಿದ್ದೆ?"

"ಬೇಕಂತಲೇ ಕೊಟ್ಟೆ ಕಣೆ. ನೀನು ಇಳಿದ್ರೆ ಕೊಟ್ಬಿಡ್ತೀಯ ಅಂತ ಇಂಗೆ ಮಾಡ್ದೆ. ನಿನ್ನ ಈ ಮನೆಗೆ ತಂದೋಳು ನಾನು. ನಾನ್ ತಂದೋಳ್ನ ನಾನೇ ಕುಯ್ಸಿ, ನಾಳೆ ನಿಂಗೇನಾದ್ರೂ ಆದ್ರೆ ಯಾವ ಮುಖ ಇಟ್ಕೊಂಡು ಬದುಕ್ಲಿ? ಬಾಯ್ಬಿಟ್ಟು ಬೇಡ ಅಂದ್ರೆ ನೀನು ಕೇಳೋಳಲ್ಲ."

ಕೈಯಲ್ಲಿದ್ದ ತಪ್ಪಲೆಯನ್ನು ನೆಲಕ್ಕೆ ಕುಕ್ಕಿದೆ. ಮೂರನೇ ಅಂತಸ್ತಿನ ಬಾಡಿಗೆಯವರು ಬಗ್ಗಿ ನೋಡಿದರು, ನೋಡಲಿ. ಕೆರೆ ಸುತ್ತಿ ಸುತ್ತಿ ನನ್ನ ಚಪ್ಪಲಿ ಸವೆದಿತ್ತು, ಇವಳು ಇಲ್ಲಿ ಕೂತು ಸೌಟಿನಿಂದ ಅದನ್ನೆಲ್ಲ ವಾಪಸ್ಸು ತುಂಬಿಸಿದ್ದಳು! ಅಷ್ಟು ಸಿಟ್ಟು ನನಗೆ ಜನ್ಮದಲ್ಲಿ ಬಂದಿರಲಿಲ್ಲ. ಅಷ್ಟು ಪ್ರೀತಿಯೂ ಬಂದಿರಲಿಲ್ಲ, ಅದು ಬೇರೆ ಮಾತು.

"ಸರಿ ಹಾಗಾದ್ರೆ," ಅಂದೆ. "ಮುಂದಿನ ವರ್ಷ ಆ ಕೋಣೇಲಿ ನಿಂಗೂ ಒಂದೆಲೆ ಹಾಕ್ಬೇಕಾಗುತ್ತೆ. ನಿನ್ನ ಎಲೆಗೆ ಏನೇನು ಬೇಕು, ಈಗ್ಲೇ ಹೇಳ್ಬಿಡು. ಸೀರೆ ಯಾವ ಬಣ್ಣದ್ದು ತರ್ಲಿ? ಕಜ್ಜಾಯ ಮಾಡ್ಲಾ?"

ಅಕ್ಕ ನನ್ನನ್ನೇ ದುರುಗುಟ್ಟಿ ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು. ಆಮೇಲೆ ಮೂಗೊರೆಸಿಕೊಂಡು, "ಕಜ್ಜಾಯ ಬೇಡ," ಅಂದಳು. "ನೀನ್ ಮಾಡಿದ್ದು ಕಲ್ಲಾಗುತ್ತೆ."

ನನಗೆ ನಗು ತಡೆಯಲಾಗಲಿಲ್ಲ, ಅಳುವೂ ತಡೆಯಲಾಗಲಿಲ್ಲ. ಅವಳ ಕಾಲ ಹತ್ತಿರ ಕೂತು ಹೇಳಿದೆ: "ನೀನಿಲ್ದಿರೋ ಮನೇಲಿ ನಾನು ಯಾರ ಜೊತೆ ಜಗಳ ಆಡ್ಲಿ ಅಕ್ಕ? ನಿಂಗೋಸ್ಕರ ಕೊಡ್ತಿಲ್ಲ. ನಂಗೋಸ್ಕರ ಕೊಡ್ತಿದ್ದೀನಿ." ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು. ಆಯಿತು ಅಂತ ಬಾಯಲ್ಲಿ ಹೇಳಲಿಲ್ಲ.

ಮಾರನೇ ಬೆಳಿಗ್ಗೆ ನಾನು ಕೆಳಗೆ ಇಳಿದರೆ ಅಕ್ಕ ಅಡುಗೆಮನೆಯ ಬಾಗಿಲಿಗೇ ಸ್ಟೂಲ್ ಹಾಕಿಕೊಂಡು ಕೂತಿದ್ದಳು. "ಒಳಗೆ ಬರ್ಬೇಡ," ಅಂದಳು. "ತರಕಾರಿ ಬೇಕಾದ್ರೆ ಹಾಲ್‌ನಲ್ಲಿ ಕೂತು ಹೆಚ್ಚು." ಅವಳ ಹಟ ನನಗೆ ಗೊತ್ತು. ನನ್ನನ್ನು ಈ ಮನೆಗೆ ತರುವಾಗಿನ ಅದೇ ಮುಖ. ಅವಳು ನನ್ನ ಕಡೆ ಬಂದಳು ಅಂತ ಆಗಲೇ ತಿಳಿಯಿತು.

ಆವತ್ತಿನಿಂದ ಉಪ್ಪು ನೋಡುವ ಕೆಲಸ ಗಂಡಸರ ಪಾಲಿಗೆ ಬಂತು. ಅಕ್ಕನ ಕೈಗೆ ಅಭ್ಯಾಸವಿದ್ದರೂ ದಿನಕ್ಕೊಂದು ಸಲ ಯಾರಾದರೂ ನೆಕ್ಕಿ ಹೇಳದೆ ಅವಳಿಗೆ ಸಮಾಧಾನವಿಲ್ಲ. ಭಾವನವರು ಹುಟ್ಟಿದಾಗಿನಿಂದ ಕುಡಿಯುವ ನೀರಿಗೂ ಅಡುಗೆಮನೆಗೆ ಕಾಲಿಟ್ಟವರಲ್ಲ. ಈಗ ಅಣ್ಣತಮ್ಮ ಇಬ್ಬರೂ ದೇವಸ್ಥಾನದಲ್ಲಿ ತೀರ್ಥಕ್ಕೆ ನಿಂತ ಹಾಗೆ ಅಂಗೈ ಚಾಚಿಕೊಂಡು ಬಾಗಿಲಲ್ಲಿ ನಿಲ್ಲತೊಡಗಿದರು. ಇಬ್ಬರದೂ ಒಂದೇ ಮಾತು, "ಚೆನ್ನಾಗೈತೆ." ಒಂದು ಸಲ ಉಪ್ಪು ಎರಡು ಸಲ ಬಿದ್ದಿತ್ತು. ಭಾವ ಕಣ್ಣು ಕೆಂಪಗೆ ಮಾಡಿಕೊಂಡು ನುಂಗಿ, "ಚೆನ್ನಾಗೈತೆ," ಅಂದರು. ಅಕ್ಕ ಅವರ ಮುಖ ನೋಡಿ ಬೈದುಕೊಂಡು ಎರಡು ಲೋಟ ಬಿಸಿನೀರು ಸುರಿದಳು. ಆಮೇಲೆ ಅವರ ಮಾತು ಕೇಳುವುದನ್ನೇ ಬಿಟ್ಟಳು, ಮುಖ ಮಾತ್ರ ನೋಡುತ್ತಿದ್ದಳು.

ನಾನು ಭಾರ ಎತ್ತತೊಡಗಿದೆ. ಜಿಮ್ಮಿಗೆ ಹೋಗುವ ಸಂಕೋಚಕ್ಕೆ ಮನೆಯಲ್ಲೇ ದಾರಿ ಮಾಡಿಕೊಂಡೆ. ಅವತ್ತು ತೂಕದ ಮೆಷಿನ್ನಿನ ಮೇಲಿಟ್ಟಿದ್ದ ಅಕ್ಕಿ ಚೀಲದಿಂದ ಸ್ವಲ್ಪ ಅಕ್ಕಿ ಎರಡು ಕೈಚೀಲಕ್ಕೆ ತುಂಬಿ, ಹಿಡಿದುಕೊಂಡು ಕೂತು ಏಳುವುದು, ಮೆಟ್ಟಿಲು ಹತ್ತಿ ಇಳಿಯುವುದು. ಭುಜ ಗಟ್ಟಿಯಾದಂತೆಲ್ಲ ಅಕ್ಕಿ ಹೆಚ್ಚು ಮಾಡುತ್ತಿದ್ದೆ. ಬಾಡಿಗೆಯವರ ಮಗು ನನ್ನನ್ನು ರೇಷನ್ ಅಜ್ಜಿ ಅಂತ ಕರೆಯಿತು. ಮೊದಲ ವಾರ ಮುಳ್ಳು ಅಲ್ಲಾಡಲಿಲ್ಲ. ಎರಡನೇ ವಾರವೂ ಇಲ್ಲ. ಊಟಕ್ಕೆ ಮುಂಚೆ ಹಸಿವು ಮಾತ್ರ ದಿನವೂ ಬರುತ್ತಿತ್ತು. ಆ ಹಸಿವಿನ ಮೇಲೆ ನನಗೆ ನಂಬಿಕೆ ಇತ್ತು.

ಒಂದು ಬೆಳಿಗ್ಗೆ ಮೆಷಿನ್ ಹತ್ತಿದರೆ ಎಪ್ಪತ್ತಾರು. ಇಳಿದು ಮತ್ತೆ ಹತ್ತಿದೆ. ಎಪ್ಪತ್ತಾರೇ. ನಾನು ಹಾಕಿದ ಕೂಗಿಗೆ ನಮ್ಮ ಮನೆಯವರು ಗಡ್ಡಕ್ಕೆ ಸೋಪು ಹಚ್ಚಿಕೊಂಡೇ ಓಡಿಬಂದರು. ಕೆಳಗಿನಿಂದ ಭಾವ, "ಏನಾಯ್ತು, ಯಾರ್ ಬಿದ್ರು?" ಅಂತ ಕೇಳಿದರು. "ಒಂದು ಕೆಜಿ ಬಿತ್ತು!" ಅಂತ ಮೆಟ್ಟಿಲ ಮೇಲಿಂದಲೇ ಕೂಗಿದೆ. ಅಕ್ಕ ಅಡುಗೆಮನೆಯ ಕಿಟಕಿಯಿಂದ ಕೈ ಹೊರಗೆ ಹಾಕಿ ಹೆಬ್ಬೆರಳು ಎತ್ತಿ ತೋರಿಸಿದ್ದನ್ನು ಭಾವ ಆಮೇಲೆ ಹೇಳಿದರು.

ಹೂತಿದ್ದ ಗಾಡಿ ಹೊರಟಿತು. ದೀಪಾವಳಿ ದಾಟಿತು, ಅವರೆಕಾಯಿ ಬಂತು. ಅವರೆಕಾಳಿನ ಕಾಲದಲ್ಲಿ ನಮ್ಮ ಜನ ಬಾಯಿ ಕಟ್ಟುವುದು ಅಂದರೆ ಸಾಮಾನ್ಯವಲ್ಲ. ಇಡೀ ಬೀದಿ ಸೊಗಡಿನ ವಾಸನೆ, ನಾನು ಹಾಲ್‌ನಲ್ಲಿ ಕೂತು ಹಿಸುಕಿದ್ದೇ ಹಿಸುಕಿದ್ದು, ಒಂದು ಕಾಳು ಬಾಯಿಗೆ ಹಾಕಲಿಲ್ಲ. ಊಟದ ಹೊತ್ತಿಗೆ ನನ್ನ ಪಾಲಿನ ಒಂದು ಬಟ್ಟಲು ಸಾರು ಉಂಡೆ, ಎದ್ದೆ. ಇದನ್ನು ಯಾರು ಬೇಕಾದರೂ ಜಂಬ ಅಂದುಕೊಳ್ಳಲಿ, ಜಂಬವೇ.

ಸಂಕ್ರಾಂತಿ ಆದ ಮೇಲೆ ಆಸ್ಪತ್ರೆಯಲ್ಲಿ ತೂಕ ನೋಡಿದರು. ನಾನು ಚಪ್ಪಲಿ ಬಿಟ್ಟೆ, ಬಳೆ ತೆಗೆದೆ, ಓಲೆ ಬಿಚ್ಚಿದೆ. "ಸಾಕಮ್ಮ, ಹತ್ತಿ," ಅಂದಳು ನರ್ಸು. ಗಾಲಿಕುರ್ಚಿಯಲ್ಲಿ ಕೂತಿದ್ದ ಅಕ್ಕ, "ಪಿನ್ನೂ ತೆಗಿಯೇ," ಅಂದಳು. ಪಿನ್ನೂ ತೆಗೆದೆ. ಎಪ್ಪತ್ತೊಂದೂವರೆ. ಡಾಕ್ಟರು, "ಹೇಗಮ್ಮ ಇಳಿಸಿದ್ರಿ?" ಅಂತ ಕೇಳಿದರು. ನಾನು ಅಕ್ಕನ ಕಡೆ ಕೈ ತೋರಿಸಿ, "ಇವಳನ್ನ ಕೇಳಿ ಸಾರ್, ಏರಿಸೋದೂ ಗೊತ್ತು, ಇಳಿಸೋದೂ ಗೊತ್ತು," ಅಂದೆ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಆಪರೇಷನ್ ಬಗ್ಗೆ ಹೇಳಲು ನನ್ನ ಹತ್ತಿರ ಹೆಚ್ಚೇನಿಲ್ಲ, ನಾನು ಮಲಗಿದ್ದೆ. ಎದ್ದಾಗ ನೋವಿತ್ತು. ನಮ್ಮ ಮನೆಯವರು ಕಿವಿಯ ಹತ್ತಿರ ಬಗ್ಗಿ, "ನಿನ್ನ ಕಿಡ್ನಿ ಅತ್ತಿಗೆ ಹತ್ರ ಕೆಲಸ ಶುರು ಮಾಡಿದೆ ಕಣೆ," ಅಂದರು. ಅದೊಂದು ಮಾತು ನೆನಪಿದೆ.

ಅಕ್ಕನನ್ನು ಕೆಲವು ತಿಂಗಳು ಬೇರೆ ಕೋಣೆಯಲ್ಲೇ ಇಟ್ಟೆವು. ನಂಜು ತಾಗಬಾರದು, ಜನ ಸೇರಬಾರದು, ಒಲೆಯ ಹತ್ತಿರ ಬರಬಾರದು. ನಾನು ಚೇತರಿಸಿಕೊಂಡ ಮೇಲೆ ಅಡುಗೆ ನನ್ನ ಪಾಲಿಗೆ ಬಂತು. ಅವಳಿಗೆ ಉಪ್ಪು ಕಮ್ಮಿ ಕೊಡಿ ಅಂದಿದ್ದರು, ಅದಕ್ಕೇ ಎಲ್ಲರಿಗೂ ಕಮ್ಮಿ ಮಾಡಿಬಿಟ್ಟೆ. ಗಂಡಸರು ಈಗಲೂ, "ಚೆನ್ನಾಗೈತೆ," ಅನ್ನುತ್ತಿದ್ದರು.

ಡಾಕ್ಟರು ಅವಳಿಗೆ ಓಡಾಡಬಹುದು ಅಂದ ವಾರ, ಒಂದು ಮಧ್ಯಾಹ್ನ ನಾನು ಒಲೆಯ ಮುಂದೆ ಬಸ್ಸಾರು ಕುದಿಸುತ್ತಿದ್ದೆ. ಬೆನ್ನ ಹಿಂದೆ ಹೆಜ್ಜೆ ಸಪ್ಪಳ. ತಿರುಗಿದರೆ ಅಕ್ಕ ಹೊಸ್ತಿಲ ಮೇಲೆ ನಿಂತಿದ್ದಳು. ಮುಖದ ಊತ ಇಳಿದು, ಮದುವೆಯಲ್ಲಿದ್ದ ಕೆನ್ನೆ ಮೂಳೆ ಮತ್ತೆ ಕಂಡಿತ್ತು. ಬಲಗೈ ಚಾಚಿದಳು.

ಸೌಟಿನಿಂದ ಒಂದೇ ಒಂದು ತೊಟ್ಟು ಅವಳ ಅಂಗೈ ಗುಳಿಗೆ ಹಾಕಿದೆ. ಊದಿ ನೆಕ್ಕಿದಳು. ಕಣ್ಣು ಮುಚ್ಚಿಕೊಂಡಳು. ನಾನು ಸೌಟು ಹಿಡಿದುಕೊಂಡೇ ನಿಂತೆ. ಕಬ್ಬಿಣ ಅನ್ನುತ್ತಾಳಾ, ಇಲ್ಲವಾ ಅಂತ.

ಅಕ್ಕ ಕಣ್ಣು ಬಿಟ್ಟು ಮುಖ ಸಿಂಡರಿಸಿದಳು. "ಉಪ್ಪೇ ಇಲ್ವಲ್ಲೇ ಇದ್ರಲ್ಲಿ! ಇಷ್ಟು ವರ್ಷ ನನ್ನ ಪಕ್ಕ ನಿಂತು ಕಲ್ತಿದ್ದು ಇಷ್ಟೇನಾ?"

ಯಾರ ಹತ್ತಿರವೂ ಒಂದು ಮಾತು ಬಿಟ್ಟುಕೊಡದ ನಾನು ಅವತ್ತು ಎದುರು ಮಾತಾಡಲಿಲ್ಲ. ಅವಳ ಅಂಗೈಗೆ ಇನ್ನೊಂದು ತೊಟ್ಟು ಹಾಕಿದೆ.